ಐದು ತೂತು, ಐವತ್ತು ವರ್ಷ

ಹಿರಿಯರು ಹಾಸನ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಕಿರಿಯಳು ಅವರ ತಮ್ಮನ ಮಗಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಯಟಿಷಿಯನ್, ತೂಕ ಇಳಿಸುವ ಆಪರೇಷನ್ ಆದವರಿಗೆ ಊಟದ ಕ್ರಮ ಹೇಳಿಕೊಡುವುದು ಅವಳ ಕೆಲಸ. ನೆಂಟರ ಪೈಕಿ ಒಬ್ಬ ಹುಡುಗನಿದ್ದಾನೆ. ವಯಸ್ಸು 15, ಎತ್ತರ 165 ಸೆಂ.ಮೀ., ತೂಕ 118 ಕೆ.ಜಿ. ಟೈಪ್ 2 ಸಕ್ಕರೆ ಕಾಯಿಲೆ ಈಗಾಗಲೇ ಬಂದಿದೆ. ಜಠರ ಚಿಕ್ಕದು ಮಾಡುವ ‘ಸ್ಲೀವ್’ ಆಪರೇಷನ್ ಮಾಡಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ. ಏನು ಮಾಡೋಣ ಎಂದು ಹುಡುಗನ ಅಪ್ಪ ಅಮ್ಮ ಇವರಿಬ್ಬರನ್ನೂ ಕೇಳಿದರು. ಇಬ್ಬರೂ ಹುಡುಗನ ಒಳ್ಳೆಯದನ್ನೇ ಬಯಸುವವರು, ಆದರೆ ಕೊಟ್ಟ ಉತ್ತರ ಬೇರೆ ಬೇರೆ. ಈ ಪ್ರಶ್ನೆ ಈಗ ಎಷ್ಟೋ ಮನೆಗಳ ಒಳಗೆ ಬಂದು ಕೂತಿರುವುದರಿಂದ ಅವರ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರು: ಹದಿನೈದು ವರ್ಷದ ಹುಡುಗನ ಹೊಟ್ಟೆಗೆ ಕತ್ತರಿ ಹಾಕ್ಸೋದಕ್ಕೆ ನನ್ನ ಮನಸ್ಸು ಒಪ್ಪೋದಿಲ್ಲ ಕಣಮ್ಮ. ನೌಕರಿಯುದ್ದಕ್ಕೂ ಮಕ್ಕಳನ್ನ ಮೈದಾನದಲ್ಲಿ ನೋಡಿದವನು ನಾನು. ದಪ್ಪಗಿದ್ದವರು ಖೋ ಖೋ ಆಡ್ತಾ ಆಡ್ತಾ ಹತ್ತನೇ ಕ್ಲಾಸಿನ ಹೊತ್ತಿಗೆ ಸಪೂರ ಆಗಿದ್ದನ್ನ ಕಣ್ಣಾರೆ ಕಂಡಿದ್ದೀನಿ.

ಕಿರಿಯಳು: ಅವರು ಎಷ್ಟು ತೂಕ ಇದ್ರು ದೊಡ್ಡಪ್ಪ?

ಹಿರಿಯರು: ಅರವತ್ತೈದು, ಎಪ್ಪತ್ತು ಇರಬಹುದು.

ಕಿರಿಯಳು: ವ್ಯತ್ಯಾಸ ಇರೋದೇ ಅಲ್ಲಿ. ಬೆಳೆಯೋ ವಯಸ್ಸಲ್ಲಿ ಐದಾರು ಕೆ.ಜಿ. ಜಾಸ್ತಿ ಇರೋ ಮಗು ಎತ್ತರ ಆಗ್ತಾ ಆಗ್ತಾ ಸರಿಹೋಗತ್ತೆ. ಇವನ ಬಿ.ಎಂ.ಐ., ಅಂದ್ರೆ ಎತ್ತರಕ್ಕೆ ತೂಕದ ಲೆಕ್ಕ, 43. ನಮ್ಮ ದೇಶದ ದೊಡ್ಡವರಿಗೇ 37.5 ದಾಟಿದ್ರೆ ಆಪರೇಷನ್ ಯೋಚನೆ ಮಾಡ್ತಾರೆ. ಸಕ್ಕರೆ, ಬಿ.ಪಿ. ಜೊತೆಗಿದ್ರೆ 32.5ಕ್ಕೇ. ಈ ಹಂತಕ್ಕೆ ಬಂದ ಮೈ ತೂಕ ಬಿಟ್ಟುಕೊಡಲ್ಲ. ಹತ್ತು ಕೆ.ಜಿ. ಇಳಿಸಿದ್ರೆ ಹಸಿವಿನ ಹಾರ್ಮೋನು ಏರತ್ತೆ, ಸುಮ್ಮನೆ ಕೂತಾಗ ಖರ್ಚಾಗೋ ಕ್ಯಾಲೊರಿ ಇಳಿಯತ್ತೆ. ಹುಡುಗ ಎಷ್ಟೇ ಹಟ ಮಾಡಿದ್ರೂ ಮೈ ಅವನಿಗಿಂತ ಹೆಚ್ಚು ಹಟ ಮಾಡತ್ತೆ. ಎಲ್ಲರೂ ಅವನನ್ನ ಸೋಮಾರಿ ಅಂತಾರಲ್ಲ, ಅದನ್ನ ಕೇಳಿದ್ರೆ ನನಗೆ ಸಂಕಟ ಆಗತ್ತೆ.

ಹಿರಿಯರು: ನಾನು ಸೋಮಾರಿ ಅನ್ನಲಿಲ್ಲ. ದೂರೋದಾದ್ರೆ ದೊಡ್ಡವರನ್ನ ದೂರ್ತೀನಿ. ಆರನೇ ಕ್ಲಾಸಿಂದ ಫೌಂಡೇಶನ್ ಕೋರ್ಸು. ಬೆಳಗ್ಗೆ ವ್ಯಾನು, ಸಂಜೆ ಟ್ಯೂಷನ್ನು, ರಾತ್ರಿ ಹತ್ತೂವರೆಗೆ ಊಟ. ನಡುವೆ ಹಸಿವಾದ್ರೆ ಬೇಕರಿ ಪಫ್ಸು, ದಿಲ್‌ಪಸಂದ್, ಇಲ್ಲ ಗಾಡಿ ಮೇಲಿನ ಗೋಬಿ ಮಂಚೂರಿ. ಪಿ.ಟಿ. ಪೀರಿಯಡ್ಡನ್ನ ಲೆಕ್ಕದ ಮೇಷ್ಟ್ರು ತಗೋತಾರೆ. ಮೈದಾನ ಇದ್ದ ಕಡೆ ಹೊಸ ಕಟ್ಟಡ ಬಂತು. ಹತ್ತು ವರ್ಷ ಮಗುವನ್ನ ಕೂತಲ್ಲೇ ಕೂರಿಸಿದ್ದು ನಾವು. ಈಗ ಕತ್ತರಿಸೋದು ಅವನ ಜಠರವನ್ನ. ಇದು ಯಾವ ನ್ಯಾಯ?

ಕಿರಿಯಳು: ಕಾರಣದ ಬಗ್ಗೆ ನಮ್ಮಿಬ್ಬರಲ್ಲಿ ಜಗಳ ಇಲ್ಲ. ಊರ ಬಾವಿ ಕೆಟ್ಟು ವಾಂತಿಭೇದಿ ಬಂದ್ರೆ ಬಾವಿ ಶುದ್ಧ ಮಾಡ್ಲೇಬೇಕು. ಆದ್ರೆ ಆಗಲೇ ಮಲಗಿರೋನಿಗೆ ಡ್ರಿಪ್ ಹಾಕದೆ ಇರೋಕಾಗತ್ತಾ? ಮೈದಾನ ವಾಪಸ್ ಬಂದ್ರೆ ಈಗ ಒಂದನೇ ಕ್ಲಾಸಲ್ಲಿರೋ ಮಕ್ಕಳು ಉಳೀತಾರೆ. ಇವನಿಗೆ ಬೇಕಾಗಿರೋದು ಇವತ್ತಿನ ಚಿಕಿತ್ಸೆ. ಅವನ ಕತ್ತಿನ ಹಿಂಭಾಗ ನೋಡಿದ್ದೀರಾ?

ಹಿರಿಯರು: ಕಪ್ಪಾಗಿದೆ. ಅವರಮ್ಮ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕೋದನ್ನ ನೋಡಿದೆ. ಕೆಂಪಗಾಗೋವರೆಗೂ ತಿಕ್ತಿದ್ರು, ಹುಡುಗ ಹಲ್ಲು ಕಚ್ಕೊಂಡು ಕೂತಿದ್ದ.

ಕಿರಿಯಳು: ಅದು ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಅತಿಯಾದಾಗ ಕತ್ತು, ಕಂಕುಳಲ್ಲಿ ಚರ್ಮ ಹಾಗೆ ದಪ್ಪವಾಗಿ ಕಪ್ಪಾಗತ್ತೆ. ಎಷ್ಟು ತಿಕ್ಕಿದ್ರೂ ಹೋಗಲ್ಲ. ಅದು ಮೊದಲು ಕಂಡಾಗಲೇ ರಕ್ತ ಪರೀಕ್ಷೆ ಆಗಬೇಕಿತ್ತು. ಈ ವಯಸ್ಸಲ್ಲಿ ಬರೋ ಟೈಪ್ 2 ಸಕ್ಕರೆ ದೊಡ್ಡವರ ಸಕ್ಕರೆಗಿಂತ ಕ್ರೂರ. ಅಮೆರಿಕದಲ್ಲಿ ‘ಟುಡೇ’ ಅನ್ನೋ ಅಧ್ಯಯನದಲ್ಲಿ 10ರಿಂದ 17 ವರ್ಷದ 699 ಮಕ್ಕಳಿದ್ರು. ಬರೀ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಸಕ್ಕರೆ ಹಿಡಿತಕ್ಕೆ ಸಿಗಲಿಲ್ಲ. 2021ರಲ್ಲಿ ಮುಂದಿನ ಲೆಕ್ಕ ಬಂತು. ಆಗ ಅವರ ಸರಾಸರಿ ವಯಸ್ಸು 26. ನೂರಕ್ಕೆ 60 ಜನಕ್ಕೆ ಕಣ್ಣು, ಕಿಡ್ನಿ, ನರ ಇವುಗಳಲ್ಲಿ ಒಂದಾದರೂ ಕೆಡೋಕೆ ಶುರುವಾಗಿತ್ತು. ನಮ್ಮಲ್ಲಿ ಆ ವಯಸ್ಸಿಗೆ ಮದುವೆ ಮಾತು ಎತ್ತಿರ್ತಾರೆ.

ಹಿರಿಯರು: ಜಠರ ಕತ್ತರಿಸಿದ್ರೆ ಸಕ್ಕರೆ ಹೇಗಮ್ಮ ಹೋಗತ್ತೆ? ಅದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಕಿರಿಯಳು: ಹೊಟ್ಟೆ ಮೇಲೆ ಸಾಮಾನ್ಯವಾಗಿ ಐದು ಸಣ್ಣ ತೂತು ಮಾಡ್ತಾರೆ. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಸಲಕರಣೆ. ಬಾಯಿಂದ ಜಠರದೊಳಕ್ಕೆ ಒಂದು ಕೊಳವೆ ಇಳಿಸಿ, ಅದರ ಪಕ್ಕಕ್ಕೆ ಸ್ಟೇಪ್ಲರ್ ಹಾಕ್ತಾ ಹೊಲಿಗೆ, ಕತ್ತರಿ ಎರಡೂ ಒಟ್ಟಿಗೆ ಮಾಡ್ಕೊಂಡು ಹೋಗ್ತಾರೆ. ಜಠರದ ನೂರರಲ್ಲಿ 75–80 ಭಾಗ ಹೊರಗೆ ಬರತ್ತೆ. ಉಳಿಯೋದು ಬಾಳೆಕಾಯಿ ಗಾತ್ರದ ಕೊಳವೆ, ಹಿಡಿಯೋದು 100–150 ಎಂ.ಎಲ್. ತೆಗೆದುಹಾಕೋ ಮೇಲ್ಭಾಗದಲ್ಲೇ ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗೋದು. ಅದು ಇಳಿಯತ್ತೆ, ಊಟ ಬೇಗ ಕರುಳಿಗೆ ಹೋಗಿ ಅಲ್ಲಿ ಇನ್ಸುಲಿನ್‌ಗೆ ಸಹಾಯ ಮಾಡೋ ಹಾರ್ಮೋನು ಏರತ್ತೆ. ಹಾಗಾಗಿ ತೂಕ ಪೂರ್ತಿ ಇಳಿಯೋ ಮೊದಲೇ ಸಕ್ಕರೆ ಇಳಿಯೋಕೆ ಶುರುವಾಗತ್ತೆ. ‘ಟುಡೇ’ ಮಕ್ಕಳನ್ನ ಆಪರೇಷನ್ ಆದ ಮಕ್ಕಳ ಜೊತೆ ಹೋಲಿಸಿ ನೋಡಿದ್ದಾರೆ. ಎರಡು ವರ್ಷದಲ್ಲಿ ಆಪರೇಷನ್ ಆದವರ ಮೂರು ತಿಂಗಳ ಸಕ್ಕರೆ ಸರಾಸರಿ 6.8ರಿಂದ 5.5ಕ್ಕೆ ಇಳೀತು. ಔಷಧಿ ಮಾತ್ರ ತಗೊಂಡವರದ್ದು 6.4ರಿಂದ 7.8ಕ್ಕೆ ಏರಿತು.

ಹಿರಿಯರು: ಎಲ್ಲಿಯ ಮಕ್ಕಳು ಆಪರೇಷನ್ ಆದವರು?

ಕಿರಿಯಳು: ಅಮೆರಿಕದ ಐದು ಆಸ್ಪತ್ರೆಗಳವರು. 2007ರಲ್ಲಿ ಶುರುವಾದ ‘ಟೀನ್ ಲ್ಯಾಬ್ಸ್’ ಅಧ್ಯಯನ ಅದು. 242 ಮಕ್ಕಳು, ಎಲ್ಲರೂ 19 ವರ್ಷದೊಳಗಿನವರು. ಹೆಚ್ಚಿನವರಿಗೆ ಜಠರದ ಬೈಪಾಸ್ ಮಾಡಿದ್ರು, 67 ಜನಕ್ಕೆ ಸ್ಲೀವ್. ಮೂರು ವರ್ಷ ಆದ್ಮೇಲೆ ಸ್ಲೀವ್ ಆದವರ ತೂಕ ಸರಾಸರಿ ನೂರಕ್ಕೆ 26ರಷ್ಟು ಕಡಿಮೆ. ಸಕ್ಕರೆ ಇದ್ದವರಲ್ಲಿ ನೂರಕ್ಕೆ 95 ಜನಕ್ಕೆ ಅದು ಹಿಂದೆ ಸರಿದಿತ್ತು.

ಹಿರಿಯರು: ಲೆಕ್ಕ ಹಾಕೋಣ. 118ರಲ್ಲಿ 26 ಭಾಗ ಕಳೆದ್ರೆ 87 ಚಿಲ್ಲರೆ. ಜಠರ ಕಳ್ಕೊಂಡ ಮೇಲೂ ಹುಡುಗ ದಪ್ಪವಾಗೇ ಇರ್ತಾನೆ. ಸಕ್ಕರೆ ಹಿಂದೆ ಸರಿದದ್ದು ಹಾಗೇ ಉಳೀತಾ?

ಕಿರಿಯಳು: ಎಲ್ಲರಲ್ಲೂ ಉಳೀಲಿಲ್ಲ. ಹತ್ತು ವರ್ಷದ ಲೆಕ್ಕ 2024ರಲ್ಲಿ ಬಂತು. 95 ಇದ್ದದ್ದು 55ಕ್ಕೆ ಇಳಿದಿತ್ತು. ಬಿ.ಎಂ.ಐ. ಮೊದಲಿಗಿಂತ ಐದರಲ್ಲೊಂದು ಭಾಗ ಕಡಿಮೆ ಇತ್ತು. ತೆಳ್ಳಗಾಗ್ತಾನೆ ಅಂತ ನಾನು ಯಾವ ಮನೆಯವರಿಗೂ ಮಾತು ಕೊಡಲ್ಲ. ಆದ್ರೆ ಹದಿನೈದರಿಂದ ಇಪ್ಪತ್ತೈದರವರೆಗೆ ಕಿಡ್ನಿ ಸಕ್ಕರೆಯ ಏಟು ತಿನ್ನದೆ ಇದ್ರೆ ಅದು ಸಣ್ಣ ಲಾಭ ಅಲ್ಲ.

ಹಿರಿಯರು: ಅವರಪ್ಪ ಹೇಳೋದು ಕೇಳಿದ್ರೆ ಹಲ್ಲು ಕೀಳಿಸಿದ ಹಾಗಿದೆ. ‘ಕೀಹೋಲ್ ಅಣ್ಣಾ, ಗಾಯಾನೇ ಇರಲ್ಲ, ಮೂರನೇ ದಿನ ಮನೆ, ದಸರಾ ರಜದಲ್ಲಿ ಮುಗಿಸಿಬಿಡಬಹುದು’ ಅಂತಾರೆ.

ಕಿರಿಯಳು: ಆ ಮಾತಿಗೆ ನಿಮಗಿಂತ ನನಗೇ ಹೆಚ್ಚು ಸಿಟ್ಟು. ತೂತು ಚಿಕ್ಕದಿರೋದರಿಂದ ನೋವು ಕಡಿಮೆ, ಸೋಂಕು ಕಡಿಮೆ, ಬೇಗ ಎದ್ದು ಓಡಾಡಬಹುದು. ಹೊರಗಿನ ಲಾಭ ಅಷ್ಟೇ. ಒಳಗೆ ಮಾಡೋ ಕೆಲಸ ದೊಡ್ಡದೇ, ವಾಪಸ್ ಜೋಡಿಸೋಕೂ ಆಗಲ್ಲ. ಸ್ಟೇಪಲ್ ಹಾಕಿದ ಸಾಲಿನಲ್ಲಿ ಅಪರೂಪಕ್ಕೆ ಸೋರಿಕೆ ಆಗಬಹುದು, ಹಾಗಾದ್ರೆ ವಾರಗಟ್ಟಲೆ ಆಸ್ಪತ್ರೆ. ಕೆಲವರಿಗೆ ಎದೆಯುರಿ, ಹುಳಿತೇಗು ವರ್ಷಗಟ್ಟಲೆ ಕಾಡತ್ತೆ.

ಇಲ್ಲಿ ನನ್ನದೊಂದು ಮಾತು. ನಗರದ ಹೋರ್ಡಿಂಗುಗಳಲ್ಲಿ, ಮೊಬೈಲ್ ಜಾಹೀರಾತುಗಳಲ್ಲಿ ತೂತಿನ ಅಳತೆ, ಮನೆಗೆ ಕಳಿಸುವ ದಿನ ದಪ್ಪಕ್ಷರದಲ್ಲಿರುತ್ತದೆ. ಜೀವನಪೂರ್ತಿ ನುಂಗಬೇಕಾದ ಮಾತ್ರೆಗಳ ಪಟ್ಟಿ ಎಲ್ಲೂ ಕಾಣುವುದಿಲ್ಲ. ದೊಡ್ಡವರಿಗೆ ಹೀಗೆ ಹೇಳುವುದೇ ತಪ್ಪು, ಮಕ್ಕಳ ವಿಷಯದಲ್ಲಿ ಅದು ಅಪರಾಧಕ್ಕೆ ಸಮ ಎಂದು ನನಗನ್ನಿಸುತ್ತದೆ.

ಹಿರಿಯರು: ಕತ್ತರಿಸದೆ ಮಾಡೋದೂ ಇದೆಯಂತಲ್ಲ? ಬಲೂನು ಅಂತಾರೆ, ಬಾಯಿಂದಲೇ ಹೊಲಿಗೆ ಅಂತಾರೆ.

ಕಿರಿಯಳು: ಬಲೂನು ಅಂದ್ರೆ ಜಠರದಲ್ಲಿ ಜಾಗ ಹಿಡಿಯೋ ಚೀಲ. ಹಳೇ ನಮೂನೆಯದಕ್ಕೆ ಉಪ್ಪುನೀರು, ನೀಲಿ ಬಣ್ಣ ತುಂಬ್ತಾರೆ. ಚೀಲ ಒಡೆದ್ರೆ ಮೂತ್ರದ ಬಣ್ಣ ಬದಲಾಗಿ ಗೊತ್ತಾಗಲಿ ಅಂತ. ಆರು ತಿಂಗಳಿಗೆ ತೆಗೀಬೇಕು, ತೆಗೆದ ಮೇಲೆ ತೂಕ ತಿರುಗಿ ಏರೋದು ಸಾಮಾನ್ಯ. ಇನ್ನೊಂದು ಎಂಡೋಸ್ಕೋಪಿಕ್ ಸ್ಲೀವ್. ಎಂಡೋಸ್ಕೋಪ್ ತುದಿಯ ಬಾಗಿದ ಸೂಜಿಯಿಂದ ಜಠರದ ಗೋಡೆಯನ್ನ ಒಳಗಿನಿಂದಲೇ ನೆರಿಗೆ ಹಿಡಿದು ಹೊಲೀತಾರೆ. ಹೊರಗೆ ಒಂದು ತೂತೂ ಇಲ್ಲ, ಒಳಗಿಂದ ಏನೂ ತೆಗೆಯಲ್ಲ.

ಹಿರಿಯರು: ಮಕ್ಕಳಿಗೆ ಅದೇ ಮಾಡಬಹುದಲ್ಲ ಮತ್ತೆ?

ಕಿರಿಯಳು: ರಿಯಾದ್‌ನಲ್ಲಿ 109 ಹುಡುಗ ಹುಡುಗಿಯರಿಗೆ ಮಾಡಿ 2019ರಲ್ಲಿ ವರದಿ ಕೊಟ್ಟಿದ್ದಾರೆ. ವರ್ಷದ ಹೊತ್ತಿಗೆ ತೂಕ ನೂರಕ್ಕೆ ಸುಮಾರು 16ರಷ್ಟು ಇಳಿದಿತ್ತು. ದೊಡ್ಡವರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ 13.6. ಮೈಗೆ ಹಗುರ, ನಿಜ. ಫಲವೂ ಹಗುರ. ಇವನಷ್ಟು ತೂಕಕ್ಕೆ, ಇವನ ಸಕ್ಕರೆಗೆ ಅದು ಸಾಕಾಗತ್ತೆ ಅಂತ ನಾನು ಹೇಳಲಾರೆ. ‘ಸೌಮ್ಯ’ವಾದದ್ದೇ ಮಕ್ಕಳಿಗೆ ಸರಿ ಅಂತ ಹಿಂದೆ ಹೊರಟದ್ದೂ ಇದೆ. ಜಠರಕ್ಕೆ ಬ್ಯಾಂಡ್ ಕಟ್ಟೋದು, ಬೇಡವಾದ್ರೆ ಬಿಚ್ಚೋದು. ಆಸ್ಟ್ರೇಲಿಯಾದಲ್ಲಿ 14ರಿಂದ 18 ವರ್ಷದ 50 ಮಕ್ಕಳಲ್ಲಿ ಅರ್ಧ ಜನಕ್ಕೆ ಬ್ಯಾಂಡ್ ಹಾಕಿದ್ರು, 2010ರಲ್ಲಿ ಫಲಿತಾಂಶ ಬಂತು. ಬ್ಯಾಂಡ್ ಆದವರು ಎರಡು ವರ್ಷದಲ್ಲಿ ಸರಾಸರಿ 34.6 ಕೆ.ಜಿ. ಇಳಿದ್ರು, ಉಳಿದವರು ಮೂರೇ ಕೆ.ಜಿ. ಆದ್ರೆ ಅಷ್ಟರೊಳಗೇ ಏಳು ಮಕ್ಕಳನ್ನ ಮತ್ತೆ ಟೇಬಲ್ ಮೇಲೆ ಮಲಗಿಸಬೇಕಾಯ್ತು. ಈಗ ಬ್ಯಾಂಡ್ ಬಹಳ ಕಡಿಮೆಯಾಗಿದೆ.

ಹಿರಿಯರು: ನೋಡು, ಇದನ್ನೇ ನಾನು ಹೇಳೋದು. ಹತ್ತು ವರ್ಷದ ಹಿಂದೆ ಒಳ್ಳೇದು ಅಂದದ್ದನ್ನ ಈಗ ಬಿಟ್ಟಿದ್ದೀರಿ. ಸ್ಲೀವನ್ನ ಮುಂದೆ ಬಿಡಲ್ಲ ಅಂತ ಏನು ಖಾತ್ರಿ? ಬಿಟ್ರೆ, ಹೋದ ಜಠರ ಅವನಿಗೆ ತಿರುಗಿ ಬರತ್ತಾ?

ಕಿರಿಯಳು: ಬರಲ್ಲ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಹಿರಿಯರು: ಆಪರೇಷನ್ ಆದ್ಮೇಲೆ ಏನು ತಿನ್ನಬೇಕು?

ಕಿರಿಯಳು: ಮೊದಲ ಎರಡು ವಾರ ನೀರು, ತಿಳಿ ಮಜ್ಜಿಗೆ, ಸೋಸಿದ ಬೇಳೆಕಟ್ಟು, ಪ್ರೋಟೀನ್ ಪುಡಿ ಕದಡಿದ ಹಾಲು. ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆದು. ತಿಂಗಳು ಒಂದೂವರೆ ತಿಂಗಳಿಗೆ ಅರ್ಧ ಇಡ್ಲಿ, ಅದನ್ನೇ ಇಪ್ಪತ್ತು ನಿಮಿಷ ಅಗಿದು ತಿನ್ನಬೇಕು. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ಹಾಸನ, ಮಂಡ್ಯ ಕಡೆಯವರು ಬಂದ್ರೆ ನನಗೆ ಇನ್ನೊಂದು ಕಷ್ಟ, ಮುದ್ದೆ.

ಹಿರಿಯರು: ಮುದ್ದೇನ ಅಗಿಯೋದುಂಟಾ! ಸಾರಲ್ಲಿ ಅದ್ದಿ ನುಂಗಬೇಕು.

ಕಿರಿಯಳು: ಹೌದಲ್ಲ? ಸ್ಲೀವ್ ಆದವರು ಅಭ್ಯಾಸದ ಮೇಲೆ ಒಂದು ತುತ್ತು ನುಂಗಿಬಿಡ್ತಾರೆ. ಅದು ಕಿರಿದಾದ ಕೊಳವೇಲಿ ಸಿಕ್ಕಿಕೊಂಡು ಎದೆ ಹಿಡ್ಕೊಂಡ ಹಾಗಾಗತ್ತೆ, ಬಾಯಲ್ಲಿ ನೊರೆ ಜೊಲ್ಲು, ಆಮೇಲೆ ವಾಂತಿ. ರಾಗಿ ಬೇಕಾದ್ರೆ ತೆಳು ಅಂಬಲಿ ಮಾಡಿ ಅಂತೀನಿ. ಮನೆಮಂದಿಯೆಲ್ಲ ಮುದ್ದೆ ನುಂಗ್ತಾ ಕೂತಿರುವಾಗ ಹುಡುಗ ಒಬ್ಬನೇ ಲೋಟ ಹಿಡ್ಕೊಂಡು ಕೂರಬೇಕು. ಮದುವೆ ಮನೆಯ ಎಲೆ ಮುಂದೆ ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳೋ’ ಅನ್ನೋ ಅತ್ತೆಗೆ ಪ್ರತಿ ಸಲ ಬೇಡ ಅನ್ನಬೇಕು. ವಯಸ್ಸಿನ ಹುಡುಗರಿಗೆ ಇದು ಸುಲಭ ಅಲ್ಲ.

ಹಿರಿಯರು: ಇಷ್ಟು ಕಡಿಮೆ ತಿಂದು ಬೆಳೆಯೋ ಮೈ ಬೆಳೆಯತ್ತಾ?

ಕಿರಿಯಳು: ಎತ್ತರಕ್ಕೆ ಅಡ್ಡಿಯಾದದ್ದು ಕಂಡಿಲ್ಲ. ಆದ್ರೆ ಕೊರತೆಗಳು ನಿಜ. ‘ಟೀನ್ ಲ್ಯಾಬ್ಸ್’ ಮಕ್ಕಳಲ್ಲಿ ಮೂರು ವರ್ಷದ ಹೊತ್ತಿಗೆ ನೂರಕ್ಕೆ 57 ಜನಕ್ಕೆ ಕಬ್ಬಿಣದ ದಾಸ್ತಾನು ಇಳಿದಿತ್ತು. ನಮ್ಮಲ್ಲಿ ಸಸ್ಯಾಹಾರಿ ಮನೆಗಳ ಎಷ್ಟೋ ಮಕ್ಕಳಿಗೆ ಆಪರೇಷನ್‌ಗೆ ಮೊದಲೇ ಬಿ12 ಕಡಿಮೆ. ಜಾಸ್ತಿ ವಾಂತಿಯಾಗಿ ಬಿ1 ಕೊರತೆ ಆದ್ರೆ ನರಕ್ಕೇ ಪೆಟ್ಟು. ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಡಿ, ಬಿ12 ಇವೆಲ್ಲ ಬದುಕಿರೋವರೆಗೂ ಬೇಕು, ವರ್ಷವರ್ಷ ರಕ್ತ ಪರೀಕ್ಷೆಯೂ ಬೇಕು.

ಹಿರಿಯರು: ಒಂದು ಕೇಳ್ತೀನಿ, ಮುಚ್ಚಿಡದೆ ಹೇಳು. ನಿಮ್ಮಲ್ಲಿ ಆಪರೇಷನ್ ಆದ ಹುಡುಗರು ಮೂರನೇ ವರ್ಷ, ನಾಲ್ಕನೇ ವರ್ಷ ನಿನ್ನ ಮುಂದೆ ಬಂದು ಕೂರ್ತಾರಾ?

ಕಿರಿಯಳು: ಮೊದಲನೇ ವರ್ಷ ತಪ್ಪದೆ ಬರ್ತಾರೆ, ತೂಕ ಇಳೀತಿರೋ ಖುಷಿ ಇರತ್ತೆ. ಆಮೇಲೆ ಪಿ.ಯು., ಸಿ.ಇ.ಟಿ., ಹಾಸ್ಟೆಲ್ಲು, ಪಿ.ಜಿ. ಬಹಳ ಜನ ಬರೋದು ನಿಲ್ಲಿಸ್ತಾರೆ. ಫೋನ್ ಮಾಡಿದ್ರೆ ‘ಚೆನ್ನಾಗಿದೀನಿ ಮೇಡಂ’ ಅಂತಾರೆ. ಚೆನ್ನಾಗಿರೋರು ಮಾತ್ರೆ ಬಿಟ್ಟಿರ್ತಾರೆ. ರಾತ್ರಿ ನನಗೆ ನಿದ್ದೆ ಕೆಡಿಸೋದು ಆಪರೇಷನ್ ಥಿಯೇಟರ್ ಅಲ್ಲ ದೊಡ್ಡಪ್ಪ, ಈ ‘ಚೆನ್ನಾಗಿದೀನಿ’.

ಹಿರಿಯರು: ಇಷ್ಟು ಗೊತ್ತಿದ್ದೂ ಹದಿನೈದಕ್ಕೇ ಯಾಕೆ? ಸೌದಿಯಲ್ಲಿ ಎರಡೂವರೆ ವರ್ಷದ ಕೂಸಿಗೂ ಸ್ಲೀವ್ ಮಾಡಿದ್ರಂತೆ, ಹತ್ತು ವರ್ಷದ ಹಿಂದೆ ಓದಿದ್ದೆ. ಆ ಕೂಸು ಏನಂತ ಒಪ್ಪಿಗೆ ಕೊಡತ್ತೆ? ನಮ್ಮಲ್ಲಿ ಓಟಿಗೆ ಹದಿನೆಂಟು, ಕಾರಿನ ಲೈಸೆನ್ಸಿಗೆ ಹದಿನೆಂಟು. ಹದಿನೆಂಟಾದ ಮೇಲೆ ಅವನೇ ನಿರ್ಧಾರ ಮಾಡಲಿ.

ಕಿರಿಯಳು: ಆ ಕೂಸಿನ ವರದಿ 2013ರಲ್ಲಿ ಬಂತು, ನಿಜ. ನಾನೂ ಒಪ್ಪಲ್ಲ. ವಿಮೆಯವರೂ ನಿಮ್ಮ ಪರ. ಆರೋಗ್ಯ ವಿಮೆಯ ನಿಯಮದಲ್ಲಿ ಈ ಆಪರೇಷನ್‌ಗೆ 18 ತುಂಬಿರಬೇಕು ಅಂತಿದೆ. ಇವನಪ್ಪ ಕೈಯಿಂದಲೇ ಲಕ್ಷಗಳನ್ನ ಹೊಂದಿಸಬೇಕು. ಆದ್ರೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ, 13 ದಾಟಿ ತೀವ್ರ ಬೊಜ್ಜಿರೋ ಮಕ್ಕಳನ್ನ ಆಪರೇಷನ್ ತಂಡಕ್ಕೆ ತೋರಿಸಬೇಕು ಅಂತ ಹೇಳಿತು. ತೋರಿಸಬೇಕು ಅಂದದ್ದು, ಮಾಡ್ಲೇಬೇಕು ಅಂತಲ್ಲ. ಸ್ವೀಡನ್‌ನಲ್ಲಿ 13ರಿಂದ 16ರ 50 ಮಕ್ಕಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ರು. ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಕಟ್ಟುನಿಟ್ಟಾದ ಪಥ್ಯ, ವ್ಯಾಯಾಮ, ಸಲಹೆ. ಎರಡು ವರ್ಷದಲ್ಲಿ ಬಿ.ಎಂ.ಐ. ಮೊದಲ ಗುಂಪಲ್ಲಿ 12.6 ಇಳೀತು, ಎರಡನೇದರಲ್ಲಿ 0.2. ಸ್ವೀಡನ್‌ನಂಥ ದೇಶದ ಅತ್ಯುತ್ತಮ ಪಥ್ಯಕ್ಕೆ 0.2. ಕಾಯೋದನ್ನ ನಾವು ಏನೂ ಮಾಡದೆ ಇರೋದು ಅಂದ್ಕೋತೀವಿ. ಮೂರು ವರ್ಷದ ಸಕ್ಕರೆ ಅಷ್ಟರಲ್ಲಿ ತನ್ನ ಕೆಲಸ ಮಾಡಿರತ್ತೆ.

ಹಿರಿಯರು: ಹುಡುಗ ಏನಂತಾನೆ? ಅವನನ್ನ ಯಾರಾದ್ರೂ ಕೇಳಿದ್ರಾ?

ಕಿರಿಯಳು: ಅಪ್ಪ ಅಮ್ಮನ್ನ ಹೊರಗೆ ಕೂರಿಸಿ ಕೇಳಿದೆ. ‘ಆಪರೇಷನ್ ಆದ್ಮೇಲೆ ಆ ಹೆಸರಿಟ್ಟು ಕರೆಯೋದು ನಿಲ್ಲಿಸ್ತಾರಾ ಅಕ್ಕಾ?’ ಅಂದ. ಯಾವ ಹೆಸರು ಅಂದ್ರೆ ಹೇಳಲಿಲ್ಲ.

ಹಿರಿಯರು: ಮತ್ತೆ ಅವನು ಜಠರ ಕೊಡೋಕೆ ಒಪ್ಪಿರೋದು ಸಕ್ಕರೆಗಲ್ಲ, ಕ್ಲಾಸಿನ ಹುಡುಗರಿಗೆ. ಅಂಥ ಒಪ್ಪಿಗೆ ತಗೊಂಡು ಕತ್ತರಿ ಹಿಡೀಬಹುದಾ?

ಕಿರಿಯಳು: ಅದಕ್ಕೇ ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸಿ ಅಂದೆ. ಸ್ವೀಡನ್‌ನಲ್ಲೇ ಇದಕ್ಕೂ ಮೊದಲು ಆಪರೇಷನ್ ಆದ ಇನ್ನೊಂದು ತಂಡದ ಮಕ್ಕಳನ್ನ ಐದು ವರ್ಷ ನೋಡಿದಾಗ, ತೂಕ ಇಳಿದ್ರೂ ಮನಸ್ಸಿನ ಚಿಕಿತ್ಸೆ ಬೇಕಾದವರ ಸಂಖ್ಯೆ ಇಳಿದಿರಲಿಲ್ಲ. ನೋವು ಜಠರದಲ್ಲಿ ಇರಲಿಲ್ಲವಲ್ಲ. ಹಾಗಂತ ಅವನಿಗೆ ಅವಮಾನ ಆಗ್ತಿರೋದನ್ನೂ ತಳ್ಳಿಹಾಕಲಾರೆ. ಅವಮಾನ ಕೆಲವು ಕಡೆ ಪಿ.ಟಿ. ಪೀರಿಯಡ್‌ನಲ್ಲೇ ಶುರುವಾಗತ್ತೆ ದೊಡ್ಡಪ್ಪ. ಓಡು ಅಂತಾರೆ, ಅವನು ಓಡಿದ್ರೆ ನಗ್ತಾರೆ.

ಹಿರಿಯರು: ಸುಳ್ಳಲ್ಲ. ಸರಿ, ಈ ಹೊಸ ಇಂಜೆಕ್ಷನ್ ಯಾಕಾಗಬಾರದು? ಬೇಡವಾದ್ರೆ ನಿಲ್ಲಿಸಬಹುದಲ್ಲ?

ಕಿರಿಯಳು: ಸೆಮಾಗ್ಲುಟೈಡ್. 12 ದಾಟಿದ 201 ಮಕ್ಕಳ ಮೇಲೆ ಪರೀಕ್ಷೆಯಾಗಿ 2022ರಲ್ಲಿ ಫಲಿತಾಂಶ ಬಂತು. 68 ವಾರಕ್ಕೆ ಬಿ.ಎಂ.ಐ. ನೂರಕ್ಕೆ 16 ಇಳೀತು. ಬಾಯಿಂದ ಹಾಕೋ ಹೊಲಿಗೆಗಿಂತ ಕಡಿಮೆಯೇನಲ್ಲ. ಅದೇ ವರ್ಷ ಅಮೆರಿಕದಲ್ಲಿ ಆ ವಯಸ್ಸಿನವರಿಗೆ ಅನುಮತಿಯೂ ಸಿಕ್ತು. ಆದ್ರೆ ನಿಲ್ಲಿಸಿದ ದೊಡ್ಡವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವರ್ಷದೊಳಗೆ ವಾಪಸ್ ಬಂದಿತ್ತು. ವಾರವಾರ ಚುಚ್ಚಿಕೊಳ್ಳೋದನ್ನ ಎಷ್ಟು ವರ್ಷ ನಡೆಸ್ತಾನೆ? ಮಾತ್ರೆ ಬಿಡೋನು ಸೂಜಿ ಬಿಡಲ್ವಾ?

ಹಿರಿಯರು: ಬಿಟ್ರೆ ಮೊದಲಿದ್ದ ಹಾಗಾಗ್ತಾನೆ, ಅಷ್ಟೇ. ಸ್ಲೀವ್ ಆಗಿ ಮಾತ್ರೆ ಬಿಟ್ರೆ ಮೊದಲಿಗಿಂತ ಕೆಟ್ಟ ಸ್ಥಿತಿ. ಆ ವ್ಯತ್ಯಾಸ ನನಗೆ ದೊಡ್ಡದು. ಮೊದಲು ಇಂಜೆಕ್ಷನ್ ಪ್ರಯತ್ನ ಮಾಡಲಿ, ಮನೆಮಂದಿಯೆಲ್ಲ ಊಟದ ಕ್ರಮ ಬದಲಾಯಿಸಲಿ, ಟ್ಯೂಷನ್ ಒಂದು ಹೊತ್ತು ಬಿಡಿಸಲಿ. ಸಂಜೆ ಅವನನ್ನ ನನ್ನ ಹತ್ತಿರ ಕಳಿಸಲಿ, ಯಾರೂ ನಗದ ಕಡೆ ನಡೆಸ್ತೀನಿ.

ಕಿರಿಯಳು: ಕಳಿಸೋಣ. ಆಪರೇಷನ್ ಆಗಲಿ ಬಿಡಲಿ, ಅದು ಬೇಕೇ ಬೇಕು. ಆದ್ರೆ ಮಕ್ಕಳ ಹಾರ್ಮೋನ್ ಡಾಕ್ಟರ ಕಣ್ಣಳತೆಯಲ್ಲಿ, ಆರು ತಿಂಗಳ ಗಡುವಿಟ್ಟು. ಸಕ್ಕರೆ ಇಳೀದಿದ್ರೆ ಗಡುವು ಮುಂದೂಡಬಾರದು.

ಹಿರಿಯರು: ಇಳೀದಿದ್ರೂ ಹದಿನೆಂಟರವರೆಗೆ ಕಾಯಿರಿ ಅಂತಲೇ ನಾನು ಅವರಪ್ಪನಿಗೆ ಹೇಳೋದು.

ಕಿರಿಯಳು: ಹೇಳಿ. ವರ್ಷವರ್ಷ ಕಣ್ಣಿನ ಒಳಪರದೆ, ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸ್ತೀವಿ ಅಂತ ಅವರಿಂದ ಮಾತು ತಗೊಂಡು ಹೇಳಿ. ಅದರಲ್ಲಿ ಏರುಪೇರು ಕಂಡ ದಿನ ನನಗೆ ಫೋನ್ ಮಾಡಿ.

ಹಿರಿಯರು: ತಗೋತೀನಿ. ನೀನು ಮಾಡಿಸಿ ಅಂತ ಹೇಳೋದಾದ್ರೆ ಒಂದು ಬರೆದುಕೊಡು. ಅವನು ಹಾಸ್ಟೆಲಿಗೆ ಹೋದ ಮೇಲೆ, ಕೆಲಸಕ್ಕೆ ಸೇರಿದ ಮೇಲೆ, ಮಾತ್ರೆ ತಗೊಂಡ್ಯಾ, ರಕ್ತ ಕೊಟ್ಯಾ ಅಂತ ಯಾರು ಕೇಳ್ತಾರೆ? ಆಸ್ಪತ್ರೆ ಅಂತ ಬರೀಬೇಡ. ಮನುಷ್ಯರ ಹೆಸರು ಬರಿ.

ಕಿರಿಯಳು: ನನ್ನ ಹೆಸರು ಬರೀತೀನಿ. ಆದ್ರೆ ನಾನೂ ಕೆಲಸ ಬಿಡಬಹುದು, ಊರು ಬಿಡಬಹುದು. ಎರಡನೇ ಹೆಸರು ಬೇಕು. ನಿಮ್ಮದು ಹಾಕಲಾ?

ಹಿರಿಯರು: ಹಾಕು. ಆಪರೇಷನ್‌ಗೆ ಒಪ್ಪಿದೆ ಅಂತ ತಿಳ್ಕೋಬೇಡ. ಹೆಸರು ಹಾಕು.